ತಿಪ್ಪೆಯಲ್ಲಿ ಸಿಕ್ಕಿದ್ದು ಕನ್ನಡವೇ?



ಈ ಸಲ ಮೊದಲು ನನ್ನದೇ ಒಂದು ಪೇಚಾಟ ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ. ನಗಬೇಡಿ ಎನ್ನುವುದಿಲ್ಲ, ನಗಿ. ಆದರೆ ಪೂರ್ತಿ ಓದಿದ ಮೇಲೆ ನಗಿ.

ನಾನು ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತರಲ್ಲಿ ನಮ್ಮ ಅತ್ತೆ ಮೆಂತ್ಯದ ಹಿಟ್ಟು ಮಾಡುವ ಕ್ರಮವನ್ನು ಬಾಯಲ್ಲಿ ಹೇಳುತ್ತಾ ಹೋದರು. ನಾನು ಡೈರಿಯಲ್ಲಿ ಬರೆದುಕೊಂಡೆ. ಆಗ ನನಗೆ ಇಂಗ್ಲಿಷ್ ಬಿ.ಎ. ಮುಗಿಸಿದ ಜಂಬ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಸರಸರನೆ ಗೀಚಿಬಿಟ್ಟೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಹೋದ ವರ್ಷ ಮಗಳು, ‘ಅಮ್ಮಾ, ಅಜ್ಜಿ ಮಾಡ್ತಿದ್ದ ಹಾಗೇ ಮಾಡು’ ಎಂದಳು. ಆ ಡೈರಿ ತೆಗೆದೆ. ಅದರಲ್ಲಿ ‘ಮೆಂತೆ’ ಎಂದಾದ ಮೇಲೆ ಕೆ, ಎ, ಎಲ್, ಯು ಎಂಬ ನಾಲ್ಕು ಅಕ್ಷರ, ಅದಾದ ಮೇಲೆ ‘ಪಾವು’ ಎಂದಿತ್ತು. ನಾನು ‘ಮೆಂತೆಕಾಳು ಪಾವು’ ಎಂದು ಓದಿಕೊಂಡು ಒಂದು ಪಾವು ಮೆಂತ್ಯ ಹುರಿದು ಹಾಕಿದೆ. ಕಹಿ ಎಂದರೆ ಕಹಿ! ಮನೆಯಲ್ಲಿ ಯಾರೂ ಬಾಯಿಗಿಡಲಿಲ್ಲ. ಕೊನೆಗೆ ಅತ್ತೆಯ ತಂಗಿಗೆ ಫೋನು ಮಾಡಿದೆ. ಅವರು ನಕ್ಕು, ‘ಅಯ್ಯೋ, ಅದು ಕಾಳು ಅಲ್ಲ ಕಣಮ್ಮ, ಕಾಲು. ಕಾಲು ಪಾವು ಮೆಂತ್ಯ’ ಎಂದರು. ಇಂಗ್ಲಿಷ್ ಅಕ್ಷರದಲ್ಲಿ ಕಾಲಿಗೂ ಕಾಳಿಗೂ ಒಂದೇ ಬರವಣಿಗೆ. ನಾಲ್ಕರಷ್ಟು ಮೆಂತ್ಯ ಬಿದ್ದಿತ್ತು.

ಚಿಕ್ಕತ್ತೆ ಇಲ್ಲದಿದ್ದರೆ? ಆ ಸಾಲಿನ ಅರ್ಥ ಹೇಳುವವರು ಯಾರೂ ಇರುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಈಗ ನಾವು ಈಜಿಪ್ಟಿಗೆ ಹೋಗಬೇಕು.

ಈಜಿಪ್ಟ್ ನಮಗೆ ಅಷ್ಟೇನೂ ದೂರವಲ್ಲ. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯಕ್ಕೆ ನಿಮ್ಮನ್ನೆಲ್ಲ ಶಾಲೆಯಿಂದ ಕರೆದುಕೊಂಡು ಹೋಗಿರುತ್ತಾರೆ. ಅಲ್ಲಿ ಬಟ್ಟೆ ಸುತ್ತಿ ಮಲಗಿಸಿದ ಈಜಿಪ್ಟಿನ ಮಮ್ಮಿ ಇದೆಯಲ್ಲ, ಅದನ್ನು ಆರನೆಯ ನಿಜಾಮರ ಅಳಿಯ ಕೊಂಡು ತಂದು ಏಳನೆಯ ನಿಜಾಮರಿಗೆ ಕೊಟ್ಟರು. ನಿಜಾಮರು ೧೯೩೦ರಲ್ಲಿ ಮ್ಯೂಸಿಯಮ್ಮಿಗೆ ದಾನ ಮಾಡಿದರು. ಒಂದು ದೇಹ ಅಷ್ಟು ಕಾಲ ಉಳಿಯುವುದರಲ್ಲಿ ಮದ್ದುಗಳ ಪಾಲಿನ ಜೊತೆಗೆ ಅಲ್ಲಿಯ ಒಣ ಹವೆಯ ಪಾಲೂ ಇದೆ. ಅದೇ ಒಣ ಹವೆ ಹಳೆಯ ಕಾಗದಗಳನ್ನೂ ಉಳಿಸಿದೆ.

ಕಾಗದ ಎಂದೆ, ನಿಜವಾಗಿ ಅದು ಪಪೈರಸ್. ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡು. ಅದರ ದಂಟಿನ ತಿರುಳನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಂದು ಸಾಲು ಉದ್ದಕ್ಕೆ, ಅದರ ಮೇಲೆ ಇನ್ನೊಂದು ಸಾಲು ಅಡ್ಡಕ್ಕೆ ಜೋಡಿಸಿ, ಒತ್ತಿ ಒಣಗಿಸಿದರೆ ಬರೆಯುವ ಹಾಳೆಯಾಯಿತು. ನಮ್ಮಲ್ಲಿ ತಾಳೆಗರಿ ಹೇಗೋ ಅವರಿಗೆ ಅದು ಹಾಗೆ. ಇಂಗ್ಲಿಷಿನ ‘ಪೇಪರ್’ ಎಂಬ ಮಾತು ಹುಟ್ಟಿದ್ದೇ ಅದರ ಹೆಸರಿನಿಂದ.

ಕೈರೋದಿಂದ ದಕ್ಷಿಣಕ್ಕೆ ಸುಮಾರು ೧೬೦ ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಊರಿತ್ತು. ಚೂಪು ಮೂತಿಯ ಒಂದು ಮೀನನ್ನು ಪೂಜಿಸುತ್ತಿದ್ದವರ ಊರು, ಹೆಸರು ಬಂದದ್ದೂ ಆ ಮೀನಿನಿಂದಲೇ. ಗ್ರೀಕರು, ಆಮೇಲೆ ರೋಮನ್ನರು ಆಳುತ್ತಿದ್ದ ಕಾಲದಲ್ಲಿ ಅಲ್ಲಿ ಬರವಣಿಗೆಯೆಲ್ಲ ಹೆಚ್ಚಾಗಿ ಗ್ರೀಕ್ ಭಾಷೆಯಲ್ಲಿ. ಊರಿನ ಜನ ಹಳೆಯ ಪತ್ರ, ಲೆಕ್ಕ, ರಸೀದಿ, ಹರಿದ ಪುಸ್ತಕ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಊರಾಚೆಯ ತಿಪ್ಪೆಗೆ ಸುರಿಯುತ್ತಿದ್ದರು. ಅಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ, ನದಿಯ ನೆರೆ ಅಷ್ಟು ಎತ್ತರಕ್ಕೆ ಬರುವುದಿಲ್ಲ. ಮರಳು ಮುಚ್ಚಿತು, ಎಲ್ಲವೂ ಉಳಿಯಿತು.

೧೮೯೭ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಇಬ್ಬರು ತರುಣ ವಿದ್ವಾಂಸರು, ಗ್ರೆನ್‌ಫೆಲ್ ಮತ್ತು ಹಂಟ್, ಸುಮಾರು ಎಪ್ಪತ್ತು ಆಳುಗಳನ್ನು ಕಟ್ಟಿಕೊಂಡು ಆ ತಿಪ್ಪೆ ಅಗೆಯಲು ಶುರುಮಾಡಿದರು. ಎರಡನೆಯ ದಿನ ಸಿಕ್ಕ ಚೂರುಗಳನ್ನು ವಿಂಗಡಿಸುವಾಗ ಹಂಟ್ ಅವರ ಕಣ್ಣಿಗೆ ಮುದುಡಿದ ಒಂದು ಹಾಳೆಯಲ್ಲಿ ‘ಕಾರ್ಫೊಸ್’ ಎಂಬ ಗ್ರೀಕ್ ಪದ ಬಿತ್ತು. ಕಾರ್ಫೊಸ್ ಎಂದರೆ ಕಣ್ಣಿಗೆ ಬಿದ್ದ ಚೂರು ಕಸ. ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆದುಕೋ, ಆಮೇಲೆ ಪರರ ಕಣ್ಣಿನ ಕಸ ತೆಗೆಯಲು ಹೋಗು ಎಂಬರ್ಥದ ಯೇಸುವಿನ ಬೋಧನೆ ನಿಮಗೆ ಗೊತ್ತಿರಬಹುದು. ಬೈಬಲ್ಲಿನಲ್ಲಿ ಆ ಪ್ರಸಂಗದಲ್ಲಿ ಬರುವ ಪದ ಅದು. ಹಂಟ್‌ಗೆ ಮೈ ಜುಮ್ಮೆಂದಿರಬೇಕು. ನೋಡಿದರೆ ಅದು ಯೇಸುವಿನ ಮಾತುಗಳ ಒಂದು ಪಟ್ಟಿಯ ಬಿಡಿ ಹಾಳೆ. ಕೆಲವು ಮಾತುಗಳು ಬೈಬಲ್ಲಿನಲ್ಲಿ ಇರುವಂಥವು, ಕೆಲವು ಯಾರೂ ಕೇಳಿಯೇ ಇರದಂಥವು. ಮರುದಿನವೇ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದ ಒಂದು ಚೂರು ಸಿಕ್ಕಿತು.

ಆ ಮೊದಲ ಹಾಳೆ ಯಾವ ಪುಸ್ತಕದ್ದು? ಅದೇ ವರ್ಷ ಅದನ್ನು ಅಚ್ಚು ಹಾಕಿಸಿದರು. ಯುರೋಪಿನ ಪಂಡಿತರೆಲ್ಲ ತಲೆ ಕೆಡಿಸಿಕೊಂಡರು, ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಐವತ್ತು ವರ್ಷ ಕಳೆದರೂ ಉತ್ತರ ಸಿಗಲಿಲ್ಲ. ೧೯೪೫ರಲ್ಲಿ ಈಜಿಪ್ಟಿನದೇ ನಾಗ್ ಹಮ್ಮಾದಿ ಎಂಬ ಊರಿನ ಹತ್ತಿರ ರೈತರಿಗೆ ನೆಲದಲ್ಲಿ ಹೂತ ಒಂದು ಹಂಡೆ ಸಿಕ್ಕಿತು. ಅದರೊಳಗೆ ಚರ್ಮದ ಹೊದಿಕೆಯ ಪುಸ್ತಕಗಳು. ಅವುಗಳಲ್ಲಿ ‘ತೋಮನ ಸುವಾರ್ತೆ’ ಎಂಬ ಗ್ರಂಥ ಪೂರ್ತಿಯಾಗಿ, ಆದರೆ ಗ್ರೀಕ್ ಅಲ್ಲದೆ ಕಾಪ್ಟಿಕ್ ಭಾಷೆಯಲ್ಲಿ ಇತ್ತು. ೧೯೫೦ರ ದಶಕದಲ್ಲಿ ಅದನ್ನು ಓದಿದವರಿಗೆ ಹೊಳೆಯಿತು: ಆಕ್ಸಿರಿಂಕಸ್‌ನ ಆ ಹಾಳೆ ಇದೇ ಗ್ರಂಥದ ಗ್ರೀಕ್ ಪ್ರತಿಯ ತುಂಡು! ಎರಡನೆಯ ಪ್ರತಿ ಸಿಕ್ಕಿದ್ದರಿಂದ ಮೊದಲನೆಯದರ ಗುರುತು ಹತ್ತಿತು. ನಮ್ಮ ಚಿಕ್ಕತ್ತೆಗೆ ಫೋನು ಮಾಡಿದ ಹಾಗೆ.

ಇದರಲ್ಲಿ ನಮಗೇನು ಬಂತು ಎನ್ನುತ್ತೀರಾ? ಬಂತು. ಅದೇ ಊರಿನ ತಿಪ್ಪೆಯ ಪಪೈರಸ್‌ಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸುತ್ತಾ ಹೋದರು. ೧೯೦೩ರ ಮೂರನೆಯ ಸಂಪುಟದಲ್ಲಿ ೪೧೩ನೆಯ ಸಂಖ್ಯೆಯದು ಒಂದು ಪ್ರಹಸನ. ಕ್ರಿಸ್ತಶಕ ಎರಡನೆಯ ಶತಮಾನದ ಬರವಣಿಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಕಥೆ ಸ್ವಾರಸ್ಯವಾಗಿದೆ. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ತೀರದ ಒಂದು ರಾಜ್ಯದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ ಸೆರೆಯಲ್ಲಿದ್ದಾಳೆ. ಅಲ್ಲಿಯ ರಾಜ ಅವಳನ್ನು ದೇವಿಗೆ ಬಲಿ ಕೊಡಲು ಹೊರಟಿದ್ದಾನೆ. ಅವಳ ಅಣ್ಣ ಹಡಗಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಬಿಡಿಸಲು ಬರುತ್ತಾನೆ. ಜೊತೆಗೊಬ್ಬ ವಿದೂಷಕ. ನಮ್ಮ ಯಕ್ಷಗಾನದ ಹಾಸ್ಯಗಾರನ ಅಣ್ಣನಂತಿದ್ದಾನೆ. ಶತ್ರುಗಳನ್ನು ಓಡಿಸಲು ಅವನ ಅಸ್ತ್ರ ಹೊಟ್ಟೆಯ ವಾಯು! ದೇವಿಯ ಒಡವೆಯನ್ನು ಕದ್ದುಕೊಂಡು ಹೋಗೋಣ ಎಂದು ಅವನು ಹೇಳಿದರೆ ಖಾರಿಟಿಯಾನ್ ಒಪ್ಪುವುದಿಲ್ಲ. ಕಾಪಾಡು ಎಂದು ದೇವರನ್ನು ಬೇಡುವವರು ದೇವರ ಸೊತ್ತಿಗೆ ಕೈ ಹಾಕಬಹುದೇ ಎಂಬುದು ಅವಳ ವಾದ. ಆ ನಾಡಿನಲ್ಲಿ ದ್ರಾಕ್ಷಾರಸ ಮಾರಾಟಕ್ಕಿಲ್ಲ, ಜನಕ್ಕೆ ಅದರ ರೂಢಿಯಿಲ್ಲ. ಗ್ರೀಕರು ನೀರು ಬೆರೆಸಿ ಕುಡಿಯುವ ಆ ಮದ್ಯವನ್ನು ಬೆರೆಸದೆ ಹಾಗೇ ಕುಡಿಸಿ, ರಾಜನನ್ನೂ ಅವನ ಪರಿವಾರವನ್ನೂ ಮತ್ತೇರಿಸಿ, ರಾಜನನ್ನು ಕಟ್ಟಿಹಾಕಿ ಎಲ್ಲರೂ ಹಡಗು ಹತ್ತುತ್ತಾರೆ. ಹಾಳೆಯಲ್ಲಿ ವಾದ್ಯ ಬಾರಿಸಬೇಕಾದ ಕಡೆ ಗುರುತುಗಳೂ ಇವೆ. ಎಂದರೆ ಇದು ನಾಟಕದವರ ಕೈಯಲ್ಲಿ ಓಡಾಡಿದ ಪ್ರತಿ.

ಈಗ ಮುಖ್ಯ ವಿಷಯ. ಆ ರಾಜನೂ ಅವನ ಜನರೂ ಆಡುವ ಕೆಲವು ಮಾತುಗಳು ಗ್ರೀಕ್ ಅಲ್ಲ. ಯಾವುದೋ ಬೇರೆ ಭಾಷೆಯ ಸದ್ದನ್ನು ಗ್ರೀಕ್ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ. ಪದಗಳ ನಡುವೆ ಜಾಗವಿಲ್ಲ, ಎಲ್ಲ ಒಟ್ಟಿಗೆ ಅಂಟಿಕೊಂಡಿವೆ.

೧೯೦೪ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಒಂದು ಲೇಖನ ಬರೆದು, ಇದು ಕನ್ನಡ ಎಂದರು! ಹುಲ್ಷ್ ಸಾಮಾನ್ಯರಲ್ಲ. ಮದ್ರಾಸ್ ಸರ್ಕಾರದಲ್ಲಿ ಶಾಸನತಜ್ಞರಾಗಿದ್ದವರು. ಮುಂದೆ ಅಶೋಕನ ಶಾಸನಗಳನ್ನೆಲ್ಲ ಸಂಪಾದಿಸಿ ಕೊಟ್ಟವರು. ಅವುಗಳಲ್ಲಿ ೧೯೧೫ರಲ್ಲಿ ಸಿಕ್ಕ ಮಸ್ಕಿಯ ಶಾಸನವೂ ಒಂದು. ಮಸ್ಕಿ ಆಗ ಇದೇ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಗ್ರೀಕ್ ಅಕ್ಷರದ ‘ಬೆರೆ’ ನಮ್ಮ ‘ಬೇರೆ’, ‘ಕೊನ್‌ಜೆ’ ಎಂಬಂತಿರುವುದು ‘ಕೊಂಚ’, ‘ಪೆತ್ರೆಕಿಓ’ ಎಂಬುದು ‘ಪಾತ್ರಕ್ಕೆ ಹಾಕಿ’ ಎಂದೆಲ್ಲ ಅವರು ಬಿಡಿಸಿ ತೋರಿಸಿದರು. ಕುಡಿತದ ಸನ್ನಿವೇಶದಲ್ಲಿ ಪಾತ್ರೆಗೆ ಸ್ವಲ್ಪ ಮದ್ಯ ಹಾಕುವ ಮಾತು ಬರುವುದು ಸರಿಯಾಗಿಯೇ ಇದೆ, ಅಲ್ಲವೇ?

ಕನ್ನಡಿಗರಿಗೆ ಹಿಗ್ಗೋ ಹಿಗ್ಗು. ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೨೦ರ ದಶಕದಲ್ಲಿ ಇದನ್ನು ಕನ್ನಡವೆಂದೇ ವಾದಿಸಿ ಮುಂದುವರಿಸಿದರು. ಇತಿಹಾಸಕಾರ ಬಿ.ಎ. ಸಾಲೆತ್ತೂರರು ಕಥೆ ನಡೆಯುವ ಸ್ಥಳ ಉಡುಪಿಯ ಬಳಿಯ ಮಲ್ಪೆಯ ಹತ್ತಿರದ್ದೆಂದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಯೇಸುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಕನ್ನಡದಲ್ಲಿ ಬರೆದವರೂ ಇದೇ ಗೋವಿಂದ ಪೈಗಳು. ಇನ್ನು ಕೆಲವರು ಇದು ಕನ್ನಡವಲ್ಲ, ತುಳು ಎಂದರು.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೂ ಖುಷಿ, ನನಗೂ ಖುಷಿ. ರಾಜ್ಯೋತ್ಸವದ ವೇದಿಕೆಗಳಲ್ಲಿ ‘ಎರಡು ಸಾವಿರ ವರ್ಷದ ಹಿಂದೆ ಗ್ರೀಕರು ಕನ್ನಡ ನಾಟಕ ಆಡುತ್ತಿದ್ದರು’ ಎಂಬ ಮಾತು ಬಂದಾಗ ಚಪ್ಪಾಳೆ ಬೀಳುತ್ತದೆ. ಆದರೆ ಉಳಿದರ್ಧವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತಾಗುತ್ತದೆ.

೧೯೨೬ರಲ್ಲಿ ಎಲ್.ಡಿ. ಬಾರ್ನೆಟ್ ಎಂಬ ವಿದ್ವಾಂಸರು, ಇವು ಕನ್ನಡದ ಮಾತುಗಳು ಎಂಬ ವಾದ ನಿಲ್ಲುವುದಿಲ್ಲ ಎಂದು ಬರೆದರು. ಅವರೂ ಕನ್ನಡ ಬಲ್ಲವರೇ. ಈ ತೊಡಕು ಏನೆಂದು ಹೈದರಾಬಾದಿನಲ್ಲಿ ಬೆಳೆದ ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಕನ್ನಡದಲ್ಲಿ ಹಾಲು, ನಿಮ್ಮ ತೆಲುಗು ಗೆಳೆಯರ ಮನೆಯಲ್ಲಿ ಪಾಲು. ಇಲ್ಲಿ ಹೂವು, ಅಲ್ಲಿ ಪುವ್ವು. ಹಳಗನ್ನಡದಲ್ಲಿ ನಮ್ಮದೂ ಪಾಲು, ಪೂ ಎಂದೇ ಇತ್ತು. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ನಮ್ಮ ‘ಪ’ ಮೆಲ್ಲಮೆಲ್ಲಗೆ ‘ಹ’ ಆಯಿತು. ‘ಹಾಕಿ’ ಎಂಬ ಮಾತಿಗೂ ಮೊದಲು ‘ಪ’ಕಾರವೇ ಇತ್ತು. ಹಾಗಾದರೆ ಎರಡನೆಯ ಶತಮಾನದ ಕನ್ನಡಿಗ ‘ಹಾಕಿ’ ಎಂದು ಹೇಗೆ ಹೇಳಿಯಾನು? ಸಿಕ್ಕ ಸದ್ದಿಗೆ ಇಂದಿನ ಕನ್ನಡ ಹೊಂದಿಸಿದರೆ ಹೊಂದುತ್ತದೆ, ಆ ಕಾಲದ ಕನ್ನಡ ಹೊಂದಿಸಲು ಹೋದರೆ ಎಳೆದಾಡಬೇಕಾಗುತ್ತದೆ. ಅಲ್ಲದೆ ನಾಟಕದವರು ಜನರನ್ನು ನಗಿಸಲು ಸುಮ್ಮನೆ ‘ಗಿಲಿಬಿಲಿ’ ಎಂದು ಬರೆದಿರಬಹುದು ಎನ್ನುವವರೂ ಇದ್ದಾರೆ.

ಹಾಗೆಂದು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಆಗಿನ ಈಜಿಪ್ಟಿನಿಂದ ಮಾನ್ಸೂನ್ ಗಾಳಿ ಹಿಡಿದು ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದುದು ನಿಶ್ಚಯ. ರೋಮನ್ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ನಮ್ಮ ಸಮೀಪದ ಕೊಂಡಾಪುರದ ಉತ್ಖನನದಲ್ಲಿ ಅಗಸ್ಟಸ್ ಚಕ್ರವರ್ತಿಯ ಚಿನ್ನದ ನಾಣ್ಯ ಸಿಕ್ಕಿದೆ. ಹೈಟೆಕ್ ಸಿಟಿ ಪಕ್ಕದ ಕೊಂಡಾಪುರವಲ್ಲ ಮತ್ತೆ, ಸಂಗಾರೆಡ್ಡಿಯ ಕಡೆಯದು! ಬಂದವರ ಕಿವಿಗೆ ನಮ್ಮ ಕಡೆಯ ಮಾತು ಬಿದ್ದಿರಲಾರದೇ? ಬಿದ್ದಿರಬಹುದು. ‘ಇರಬಹುದು’ ಎಂಬಲ್ಲಿಗೆ ನಾವು ನಿಲ್ಲಬೇಕು. ತೋಮನ ಸುವಾರ್ತೆಗೆ ಎರಡನೆಯ ಪ್ರತಿ ಸಿಕ್ಕಂತೆ ಖಾರಿಟಿಯಾನಳ ನಾಟಕಕ್ಕೆ ಇನ್ನೂ ಸಿಕ್ಕಿಲ್ಲ. ಆ ಸುವಾರ್ತೆಯ ಹಾಳೆ ಮತ್ತು ಈ ಪ್ರಹಸನ ಎರಡೂ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ. ಒಂದಕ್ಕೆ ಉತ್ತರ ಸಿಕ್ಕಿದೆ, ಇನ್ನೊಂದು ಕಾಯುತ್ತಿದೆ.

ಯಾರಾದರೂ ನಿಮ್ಮ ಫೋನಿಗೆ ‘ಗ್ರೀಕ್ ನಾಟಕದಲ್ಲಿ ಕನ್ನಡ’ ಎಂದು ಕಳಿಸಿದರೆ ಗೆಳೆಯರ ಮುಂದೆ ಎದೆ ತಟ್ಟಿಕೊಂಡು ಹೇಳಬೇಡಿ. ಅವರಲ್ಲೊಬ್ಬ ಓದಿಕೊಂಡವನಿದ್ದರೆ ನಿಮ್ಮ ಮುಖ ಸಣ್ಣಗಾಗುತ್ತದೆ. ನಮ್ಮ ಭಾಷೆಗೆ ಸಾಲದ ಒಡವೆ ಬೇಕಿಲ್ಲ. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಇದೆ, ಸುಮಾರು ಕ್ರಿಸ್ತಶಕ ೪೫೦ರದ್ದು ಎನ್ನುತ್ತಾರೆ. ಅದು ಕಲ್ಲಿನ ಮೇಲೆ ಕೊರೆದ ಕನ್ನಡ, ಅದು ಕನ್ನಡವೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಈಗ ನನ್ನ ಮೆಂತ್ಯದ ಹಿಟ್ಟಿಗೆ ವಾಪಸು ಬರುತ್ತೇನೆ. ಆ ಗ್ರೀಕ್ ಬರಹಗಾರ ಮಾಡಿದ್ದೇನು? ತನಗೆ ಬಾರದ ಭಾಷೆಯನ್ನು ತನಗೆ ಬರುವ ಅಕ್ಷರದಲ್ಲಿ ಗೀಚಿದ. ಅವನ ಲಿಪಿಯಲ್ಲಿ ‘ಳ’ ಇಲ್ಲ, ‘ಣ’ ಇಲ್ಲ, ‘ಚ’ ಇಲ್ಲ. ಅವನ ತಪ್ಪೇನೂ ಇಲ್ಲ, ಅವನಿಗೆ ಮರುದಿನ ನಾಟಕ ನಡೆದರೆ ಸಾಕಿತ್ತು. ಆದರೆ ಅವನು ಬರೆದ ಸಾಲಿನಲ್ಲಿ ಯಾರ ಭಾಷೆ ಇದೆ ಎಂದು ಹೇಳಲು ದೊಡ್ಡ ದೊಡ್ಡ ವಿದ್ವಾಂಸರಿಗೂ ನೂರಿಪ್ಪತ್ತು ವರ್ಷದಿಂದ ಆಗುತ್ತಿಲ್ಲ.

ನಾನು ಮಾಡಿದ್ದೂ ಅದನ್ನೇ, ಅದೂ ನನಗೆ ಚೆನ್ನಾಗಿ ಬರುವ ಭಾಷೆಯಲ್ಲಿ! ಹೋದ ರಾಜ್ಯೋತ್ಸವದಲ್ಲಿ ನಿಮ್ಮಲ್ಲೊಬ್ಬ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಭಾಷಣವನ್ನು ಓದುತ್ತಾ ‘ನಮ್ಮ ಹಳ್ಳಿಯ ಜನ’ ಎನ್ನುವ ಬದಲು ‘ನಮ್ಮ ಹಲ್ಲಿಯ ಜನ’ ಎಂದಾಗ ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಪಾಪ, ಆ ಮಗು ಕೆಂಪಾಗಿ ಕೂತುಕೊಂಡಿತು. ಮನೆಗೆ ಬಂದ ಮೇಲೆ ನನ್ನ ಡೈರಿ ನೆನಪಾಯಿತು. ಅವನ ಕಣ್ಣಿನ ಕಸ ಕಂಡು ನಕ್ಕವಳ ಕಣ್ಣಲ್ಲಿ ತೊಲೆಯೇ ಇತ್ತು. ಆ ಹುಡುಗ ಇದನ್ನು ಓದುತ್ತಿದ್ದರೆ, ಕ್ಷಮಿಸು ಮಗು.

ಅದಕ್ಕೇ ಈ ಸಲ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಹಲವರಿಗೆ ಶಾಲೆಯಲ್ಲಿ ತೆಲುಗು ಅಕ್ಷರ ಬರುತ್ತದೆ. ತೆಲುಗು, ಕನ್ನಡ ಎರಡೂ ಒಂದೇ ಹಳೆಯ ಲಿಪಿಯಿಂದ ಬಂದ ಅಕ್ಕತಂಗಿಯರು. ಎಷ್ಟೋ ಅಕ್ಷರಗಳಲ್ಲಿ ವ್ಯತ್ಯಾಸವಿರುವುದು ತಲೆಕಟ್ಟಿನಲ್ಲಿ ಮಾತ್ರ. ‘ಳ’ವೂ ಇದೆ, ‘ಣ’ವೂ ಇದೆ. ತೆಲುಗು ಓದಬಲ್ಲವರಿಗೆ ಕನ್ನಡದ ಓದು ಕೆಲವೇ ವಾರಗಳ ಕೆಲಸ. ತೆಲುಗೂ ಬಾರದವರು ಬೇಸರ ಪಡಬೇಡಿ, ಬಂದು ನನ್ನ ಹತ್ತಿರ ಕೂತುಕೊಳ್ಳಿ.

ಅಲ್ಲಿಯ ತನಕ ಇಷ್ಟು ಮಾಡಿ. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಅವರು ಹೇಳುವ ಅಡಿಗೆ, ಹಾಡು, ಗಾದೆ, ಊರಿನ ಕಥೆ ಯಾವುದಾದರೂ ಒಂದನ್ನು ಬರೆದುಕೊಳ್ಳಿ. ಕನ್ನಡ ಅಕ್ಷರದಲ್ಲಿ ಬರೆಯಲು ಬಾರದಿದ್ದರೆ ಅಮ್ಮನ ಕೈಯಲ್ಲಿ ಬರೆಸಿ. ಹೇಳಿದವರು ಯಾರು, ಯಾವ ಊರಿನವರು, ಯಾವತ್ತು ಹೇಳಿದ್ದು ಎಂದು ಕೆಳಗೆ ಬರೆಯಿರಿ. ಗೊತ್ತಿಲ್ಲದ ಮಾತಿಗೆ ಅರ್ಥವನ್ನು ಆಗಲೇ ಕೇಳಿ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಆ ಗ್ರೀಕ್ ಬರಹಗಾರ ಪಕ್ಕದಲ್ಲಿ ಒಂದು ಮಾತು, ಇದು ಇಂಥ ನಾಡಿನ ಭಾಷೆ ಎಂದು ಬರೆದಿದ್ದರೆ ಇಷ್ಟು ಜಗಳವೇ ಇರುತ್ತಿರಲಿಲ್ಲ.

ಅಜ್ಜಿ ಇರುವಾಗಲೇ ಕೇಳಬೇಕು. ನಮ್ಮ ಚಿಕ್ಕತ್ತೆಗೆ ಈಗ ಎಂಬತ್ತೆಂಟು. ನಾನು ಡೈರಿಯ ಉಳಿದ ಪುಟಗಳನ್ನೆಲ್ಲ ಫೋನಿನಲ್ಲಿ ಅವರಿಗೆ ಓದಿ ಹೇಳಿ, ದಿನಕ್ಕೊಂದರಂತೆ ಕನ್ನಡದಲ್ಲಿ ತಿದ್ದಿ ಬರೆಯುತ್ತಿದ್ದೇನೆ. ಇನ್ನೂ ಹದಿನಾರು ಪುಟಗಳಿವೆ.

ನೀವು ಬರೆದುಕೊಂಡದ್ದನ್ನು ನಮ್ಮ ಪತ್ರಿಕೆಗೆ ಕಳಿಸಿ. ತಪ್ಪಿದ್ದರೆ ತಿದ್ದೋಣ, ಯಾರೂ ನಗುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.